ಮೂರು ಚಕ್ರದ ಮೊವರ್‌ಗೆ ತಕ್ಕ ಲಿಫ್ಟ್

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಗಾಲ್ಫ್ ಕೋರ್ಸಿನ ಏಳನೇ ಗ್ರೀನ್ (ಕುಳಿಯ ಸುತ್ತ ಹುಲ್ಲನ್ನು ತೀರಾ ಗಿಡ್ಡಗೆ ಸವರಿದ ಜಾಗ) ಮೇಲೆ ಹೈಡ್ರಾಲಿಕ್ ಎಣ್ಣೆಯ ಗೆರೆ ಬಿತ್ತು. ಹೆಬ್ಬೆರಳ ಅಗಲ, ಹದಿನೆಂಟು ಹೆಜ್ಜೆ ಉದ್ದ. ನಸುಕಿನ ಬೆಳಕಿನಲ್ಲಿ, ಇಬ್ಬನಿಯ ಮೇಲೆ ಹುಲ್ಲು ಕತ್ತರಿಸುವ ಮೊವರ್ ಓಡಿಸುತ್ತಿದ್ದವನಿಗೆ ಅದು ಕಾಣಲಿಲ್ಲ. ಗ್ರೀನ್‌ನ ಅಂಚಿನಲ್ಲಿ ತಿರುಗಿಸಿಕೊಂಡು ಬರುವಾಗ ಕಂಡಿತು. ಅಷ್ಟರಲ್ಲಿ ಕಾದ ಎಣ್ಣೆ ಹುಲ್ಲಿನ ಬುಡ ಸೇರಿತ್ತು. ಮೂರೂವರೆ ಮಿಲಿಮೀಟರ್ ಎತ್ತರಕ್ಕೆ ಸವರಿದ ಬರ್ಮುಡಾ ಹುಲ್ಲಿಗೆ ಅಂಥ ಬಿಸಿಯನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮೂರನೆಯ ದಿನಕ್ಕೆ ಗೆರೆ ಕಂದಾಯಿತು, ಪೂರ್ತಿ ಮುಚ್ಚಿಕೊಳ್ಳಲು ವಾರಗಳೇ ಹಿಡಿದವು. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಸಣ್ಣ ವಿಷಯ. ನಡುವಿನ ರೀಲ್‌ಗೆ (ಹುಲ್ಲು ಕತ್ತರಿಸುವ ಅಲಗುಗಳ ಉರುಳೆಗೆ) ಎಣ್ಣೆ ಒಯ್ಯುವ ಹೋಸ್ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಒಳಗಿನ ತಂತಿಯ ಹೆಣಿಗೆ ಕಾಣುವಷ್ಟು ಸವೆದು, ಕೊನೆಗೆ ಒಡೆದಿತ್ತು. ಅದು ಒಂದು ದಿನದ ಸವೆತವಲ್ಲ, ತಿಂಗಳುಗಳದ್ದು. ಆ ಜಾಗ ಮೊವರ್‌ನ ಹೊಟ್ಟೆಯ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ಜಾಕಿ ಕೊಟ್ಟು, ಮರದ ದಿಮ್ಮಿ ಇಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಬಿಟ್ಟರೂ ಅರ್ಧ ಮಾತ್ರ ಕಾಣುತ್ತದೆ. ನಾವು ಪ್ರತಿ ವಾರ ಮಾಡುತ್ತಿದ್ದ ತಪಾಸಣೆ ಆ ಅರ್ಧದ ತಪಾಸಣೆಯಾಗಿತ್ತು.

ನಮ್ಮದು ಬೆಂಗಳೂರಿನ ಉತ್ತರದ ಹೊರವಲಯದಲ್ಲಿರುವ 18 ಕುಳಿಗಳ ಕೋರ್ಸ್. ವರ್ಕ್‌ಶಾಪಿನಲ್ಲಿ ನಾನು, ಇನ್ನೊಬ್ಬ ಫಿಟ್ಟರ್, ಒಬ್ಬ ಸಹಾಯಕ. ಬೆಳಿಗ್ಗೆ ಐದೂವರೆಗೆ ಹೊರಡುವ ಯಂತ್ರಗಳು ಹತ್ತು ಗಂಟೆಗೆ ವಾಪಸಾಗುತ್ತವೆ. ಏನೇ ಕೆಟ್ಟಿದ್ದರೂ ಮರುದಿನ ಐದೂವರೆಯೊಳಗೆ ಅವು ಮತ್ತೆ ಹೊರಡಬೇಕು. ಹೀಗಾಗಿ ಕೆಲಸ ಮಾಡುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಮಲಗಿಕೊಂಡು ಎರಡು ಗಂಟೆ ಹಿಡಿಯುವ ಕೆಲಸ ನಿಂತುಕೊಂಡು ಮಾಡಿದರೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ.

ವರ್ಕ್‌ಶಾಪಿನಲ್ಲಿ ಮೊದಲಿನಿಂದಲೂ ಒಂದು ಗುಂಡಿ ಇತ್ತು, ಲಾರಿ ಗ್ಯಾರೇಜುಗಳಲ್ಲಿ ಇರುವಂಥದ್ದು. ಅದನ್ನು ತೋಡಿಸಿದವರು ಕಾರು, ಟ್ರ್ಯಾಕ್ಟರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಗ್ರೀನ್ ಕತ್ತರಿಸುವ, ಮೂರು ರೀಲ್‌ಗಳ ಟ್ರಿಪ್ಲೆಕ್ಸ್ ಮೊವರ್‌ಗೆ ಮುಂದೆ ಎರಡು ಚಕ್ರ, ಹಿಂದೆ ನಟ್ಟನಡುವೆ ಒಂದೇ ಚಕ್ರ. ಅದನ್ನು ಗುಂಡಿಯ ಮೇಲೆ ನಿಲ್ಲಿಸಿದರೆ ಹಿಂದಿನ ಚಕ್ರ ಗುಂಡಿಯೊಳಕ್ಕೆ ಹೋಗುತ್ತದೆ. ಹಲಗೆ ಹಾಸಿ ನಿಲ್ಲಿಸಬಹುದು, ಆದರೆ ನೋಡಬೇಕಾದ ಜಾಗಕ್ಕೇ ಹಲಗೆ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ಒಸರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಅಂಥ ಕಡೆ ದೀಪ ಹಿಡಿದು ಇಳಿಯಲು ನಾನು ಯಾರಿಗೂ ಹೇಳುವುದಿಲ್ಲ. ಗುಂಡಿ ಮುಚ್ಚಿ, ಯಂತ್ರವನ್ನೇ ಮೇಲೆತ್ತುವ ಲಿಫ್ಟ್ ಹಾಕಿಸುವುದೆಂದು ಮೊದಲ ದಿನವೇ ನಿರ್ಧಾರವಾಯಿತು.

ಲಿಫ್ಟ್ ಮಾರುವವರನ್ನು ಕರೆಸಿದಾಗ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: ಎಷ್ಟು ಟನ್ ಬೇಕು? ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದ್ದರೂ ಲಿಫ್ಟ್ ಮಾರುಕಟ್ಟೆ ಬೆಳೆದಿರುವುದು ಕಾರಿನ ಸುತ್ತ. ಕಾರುಗಳು ಹೆಚ್ಚು ಕಡಿಮೆ ಒಂದೇ ಆಕಾರದವು, ಎತ್ತಲು ಕೆಳಗಡೆ ಗುರುತಿಸಿದ ಜಾಗಗಳಿರುತ್ತವೆ, ಆದ್ದರಿಂದ ಅಲ್ಲಿ ತೂಕ ಕೇಳಿದರೆ ಸಾಕು. ನಮ್ಮ ಶೆಡ್ಡಿನಲ್ಲಿ ಒಂದರಂತೆ ಇನ್ನೊಂದು ಯಂತ್ರವಿಲ್ಲ. ನಾವು ಕೇಳಬೇಕಾದ ಪ್ರಶ್ನೆ, ಇದನ್ನು ಎಲ್ಲಿ ಹಿಡಿದು ಎತ್ತುವುದು ಎಂಬುದು. ಮೊವರ್‌ನ ಹೊಟ್ಟೆಯ ಕೆಳಗೆ ರೀಲ್‌ಗಳು, ಅವುಗಳ ತೋಳುಗಳು, ಹೋಸುಗಳು ತುಂಬಿಕೊಂಡಿರುತ್ತವೆ. ಲಿಫ್ಟ್‌ನ ತೋಳು ಅಲ್ಲಿಗೆ ನುಗ್ಗಿದರೆ ಏನನ್ನಾದರೂ ಜಜ್ಜುತ್ತದೆ. ಎಲ್ಲ ಯಂತ್ರಗಳಿಗೂ ಸಮಾನವಾಗಿರುವ, ಹಿಡಿಯಲು ಯೋಗ್ಯವಾದ ಭಾಗ ಚಕ್ರ ಒಂದೇ. ಇದು ಹೊಳೆದ ಮೇಲೆ ನಮ್ಮ ಹುಡುಕಾಟದ ದಿಕ್ಕು ಬದಲಾಯಿತು.

ಜೂನ್ ಮೊದಲ ವಾರ ಪೂರ್ತಿ ಅಳತೆಗೆ ಹೋಯಿತು. ಒಂದೊಂದು ಯಂತ್ರವನ್ನೂ ತೊಳೆದು, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಚಕ್ರ ನೆಲ ಮುಟ್ಟುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಟ್ರಿಪ್ಲೆಕ್ಸ್‌ನ ಮುಂದಿನ ಚಕ್ರಗಳ ನಡುವಿನ ಅಗಲ 1.26 ಮೀಟರ್, ಮುಂದಿನ ಚಕ್ರದಿಂದ ಹಿಂದಿನದಕ್ಕೆ 1.2 ಮೀಟರ್. ಫೇರ್‌ವೇ, ಅಂದರೆ ಗ್ರೀನ್‌ವರೆಗಿನ ಆಟದ ಹಾದಿ ಕತ್ತರಿಸುವ ಐದು ರೀಲ್‌ಗಳ ಮೊವರ್‌ನದು ಅದಕ್ಕಿಂತ ಅಗಲ, ಉದ್ದ. ರಫ್, ಅಂದರೆ ಆ ಹಾದಿಯ ಬದಿಯ ಎತ್ತರದ ಹುಲ್ಲು ಕತ್ತರಿಸುವ ದೊಡ್ಡ ರೋಟರಿ ಮೊವರ್ ರೆಕ್ಕೆ ಮಡಚಿದ ಮೇಲೂ 2.24 ಮೀಟರ್ ಅಗಲ. ಇದು ದಾಟಬೇಕಾದರೆ ಎರಡು ಕಂಬಗಳ ನಡುವೆ ಕಡಿಮೆಯೆಂದರೂ ಎರಡೂವರೆ ಮೀಟರ್ ತೆರವು ಬೇಕು.

ತೂಕಕ್ಕಾಗಿ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಹೆದ್ದಾರಿ ಬದಿಯ ವೇಬ್ರಿಜ್‌ಗೆ ಹೋದೆವು. ಇಡೀ ಯಂತ್ರವನ್ನು ಒಮ್ಮೆ, ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಇನ್ನೊಮ್ಮೆ ತೂಗಿಸಿದೆವು. ದೊಡ್ಡ ರೋಟರಿ 1,870 ಕಿಲೋ. ಟ್ರಿಪ್ಲೆಕ್ಸ್ 610 ಕಿಲೋ: ಮುಂದೆ 410, ಹಿಂದೆ 200. ಆಮೇಲೆ ಅದರ ಮುಂದಿನ ಎರಡು ರೀಲ್‌ಗಳನ್ನು ಬಿಚ್ಚಿ ಮತ್ತೆ ತೂಗಿಸಿದೆವು. ಒಟ್ಟು 540, ಮುಂದೆ 310, ಹಿಂದೆ 230. ತೆಗೆದದ್ದು 70 ಕಿಲೋ, ಆದರೆ ಮುಂದಿನ ಚಕ್ರಗಳ ಮೇಲೆ 100 ಕಿಲೋ ಇಳಿದು ಹಿಂದೆ 30 ಏರಿತ್ತು. ರೀಲ್‌ಗಳು ಮುಂದಿನ ಚಕ್ರಗಳಿಗಿಂತ ಆಚೆಗೆ ಚಾಚಿಕೊಂಡಿರುವುದರಿಂದ ಹೀಗೆ, ಏತದ ಒಂದು ತುದಿಯಿಂದ ಭಾರ ತೆಗೆದಂತೆ.

ಈ ಲೆಕ್ಕವನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಮೂರು ಚಕ್ರದ ಯಂತ್ರ ನಿಂತಿರುವುದು ಒಂದು ತ್ರಿಕೋನದ ಮೇಲೆ. ಆ ತ್ರಿಕೋನ ಮುಂದೆ ಅಗಲ, ಹಿಂದಕ್ಕೆ ಹೋದಂತೆ ಚೂಪು. ರೀಲ್ ಬಿಚ್ಚಿದಾಗ ಭಾರದ ಕೇಂದ್ರ ಸುಮಾರು 12 ಸೆಂಟಿಮೀಟರ್ ಹಿಂದೆ ಸರಿಯುತ್ತದೆ, ಅಂದರೆ ಚೂಪಿನ ಕಡೆಗೆ. ಪಕ್ಕಕ್ಕೆ ವಾಲದಂತೆ ತಡೆಯುವ ಆಸರೆ ಅಲ್ಲಿ ನಡುಗೆರೆಯಿಂದ ಒಂದೊಂದು ಬದಿಗೆ 42 ಸೆಂಟಿಮೀಟರ್ ಇದ್ದದ್ದು 36ಕ್ಕೆ ಇಳಿಯುತ್ತದೆ. ನೆಲದ ಮೇಲಿರುವಾಗ ಇದು ಗೊತ್ತೇ ಆಗುವುದಿಲ್ಲ. ತಲೆಯ ಮಟ್ಟಕ್ಕೆ ಎತ್ತಿದ ಮೊವರ್‌ನಲ್ಲಿ ತುಕ್ಕು ಹಿಡಿದ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಪಕ್ಕಕ್ಕೆ ಎಳೆಯುವವನಿಗೆ ಆ ಆರು ಸೆಂಟಿಮೀಟರ್ ಬೇಕಾಗುತ್ತದೆ.

ಅಳತೆ ಕೈಯಲ್ಲಿ ಹಿಡಿದು ಒಂದೊಂದು ಬಗೆಯ ಲಿಫ್ಟನ್ನೂ ಪರಿಶೀಲಿಸಿದೆವು. ನಾಲ್ಕು ಕಂಬದ ಲಿಫ್ಟ್‌ನಲ್ಲಿ ಚಕ್ರಗಳು ಎರಡು ಉದ್ದ ಹಾಸುಗಳ ಮೇಲೆ ಹತ್ತಿ ನಿಲ್ಲುತ್ತವೆ. ಕಾರಿಗೆ ಅದಕ್ಕಿಂತ ನೆಮ್ಮದಿಯದು ಇಲ್ಲ. ನಮ್ಮ ಟ್ರಿಪ್ಲೆಕ್ಸ್‌ಗೆ ಅದು ಗುಂಡಿಯದೇ ಸಮಸ್ಯೆ, ಹಿಂದಿನ ಚಕ್ರ ಎರಡು ಹಾಸುಗಳ ನಡುವಿನ ತೆರವಿಗೆ ಬರುತ್ತದೆ. ನಡುವೆ ಮೂರನೆಯ ಹಾಸು ಹಾಕಿಸಿದರೆ ಹೊಟ್ಟೆ ಮುಚ್ಚಿಹೋಗುತ್ತದೆ. ಕತ್ತರಿ ಲಿಫ್ಟ್‌ನದು ಬೇರೆ ತೊಡಕು, ಎತ್ತುವ ಕಾಲುಗಳೇ ಕೆಳಗಿನ ಜಾಗವನ್ನು ತುಂಬಿಕೊಳ್ಳುತ್ತವೆ. ಆದರೆ ಕೈಯಿಂದ ನಡೆಸುವ ಸಣ್ಣ ಗ್ರೀನ್ ಮೊವರ್‌ಗಳನ್ನು ಸೊಂಟದ ಎತ್ತರಕ್ಕೆ ತರಲು ಬೈಕ್ ಗ್ಯಾರೇಜಿನ ಕತ್ತರಿ ಮೇಜು ಬಹಳ ಒಳ್ಳೆಯದು. ರೀಲ್‌ಗೂ ಅದರ ಕೆಳಗಿನ ಅಲುಗಾಡದ ಅಲಗಾದ ಬೆಡ್‌ನೈಫ್‌ಗೂ ನಡುವಿನ ಕಾಗದದಷ್ಟು ಅಂತರವನ್ನು ಹೊಂದಿಸುವ ಕೆಲಸ ಬೆನ್ನು ಬಗ್ಗಿಸಿಕೊಂಡು ಮಾಡುವಂಥದ್ದಲ್ಲ. ಅದನ್ನು ಪ್ರತ್ಯೇಕವಾಗಿ ತರಿಸುವುದೆಂದು ಬರೆದಿಟ್ಟೆವು.

ಅಮೆರಿಕದ ಕೋರ್ಸ್‌ಗಳಲ್ಲಿ ಹುಲ್ಲಿನ ಯಂತ್ರಗಳಿಗಾಗಿಯೇ ಮಾಡಿದ ಲಿಫ್ಟ್‌ಗಳಿವೆ. ಗಾಲ್ಫ್-ಲಿಫ್ಟ್, ಟ್ರಯಾನ್, ಹೆಫ್ಟಿ ಅಲ್ಲಿನ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ ಹೆಸರುಗಳು. ನಮಗೆ ಬೇಕಾದ ಅನುಕೂಲಗಳೆಲ್ಲ ಅವುಗಳಲ್ಲಿವೆ. ಸುಂಕ, ಸಾಗಣೆ ಸೇರಿಸಿದಾಗ ಬೆಲೆ ನಮ್ಮ ಇಡೀ ವರ್ಷದ ಬಿಡಿಭಾಗಗಳ ಖರ್ಚನ್ನು ಮೀರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಸೀಲ್ ಹೋದರೆ ಸಮುದ್ರ ದಾಟಿ ಬರುವವರೆಗೆ ಕಾಯಬೇಕಿತ್ತು. ಹಾಗಾಗಿ ಅವುಗಳ ರೀತಿಯನ್ನು ಇಟ್ಟುಕೊಂಡು ಇಲ್ಲಿ ಸಿಗುವ ಲಿಫ್ಟನ್ನೇ ಹೊಂದಿಸಿಕೊಳ್ಳುವುದೆಂದು ಗೊತ್ತಾಯಿತು.

ಆರಿಸಿದ್ದು ಎರಡು ಕಂಬದ, ನಾಲ್ಕು ಟನ್ ಸಾಮರ್ಥ್ಯದ ಹೈಡ್ರಾಲಿಕ್ ಲಿಫ್ಟ್. ಎರಡೂ ಬದಿ ಒಂದೇ ಸಮ ಏರುವಂತೆ ಮಾಡುವ ಉಕ್ಕಿನ ಹಗ್ಗಗಳು ತಲೆಯ ಮೇಲಿನ ಅಡ್ಡತೊಲೆಯಲ್ಲಿ ಹಾಯುವ ಮಾದರಿಯನ್ನು ಬಿಟ್ಟು, ನೆಲದ ಮೇಲಿನ ತಗಡಿನ ಕೆಳಗೆ ಹಾಯುವ ಮಾದರಿಯನ್ನು ತೆಗೆದುಕೊಂಡೆವು. ನಮ್ಮ ಶೆಡ್ಡಿನ ಚಾವಣಿ ಹೊತ್ತ ಟ್ರಸ್‌ನ ಕೆಳಪಟ್ಟಿ 3.75 ಮೀಟರ್ ಎತ್ತರದಲ್ಲಿದೆ, ಆ ಅಡ್ಡತೊಲೆಗೆ ಅಲ್ಲಿ ಜಾಗವಿರಲಿಲ್ಲ. ಯಂತ್ರ ಮಗುಚಿದರೆ ಚಾಲಕನನ್ನು ಕಾಯುವ ಕಮಾನು ನಮ್ಮ ಮೊವರ್‌ಗಳಲ್ಲಿ ನೆಲದಿಂದ 2.1 ಮೀಟರ್ ಇದೆ. ಲಿಫ್ಟ್ 1.8 ಮೀಟರ್ ಎತ್ತಿದರೆ ಕಮಾನಿನ ತುದಿ 3.9ಕ್ಕೆ ಹೋಗಿ ಟ್ರಸ್‌ಗೆ ತಾಗುತ್ತದೆ. ಆದ್ದರಿಂದ 1.5 ಮೀಟರಿಗೆ ಮೋಟಾರ್ ತಾನಾಗಿ ನಿಲ್ಲುವಂತೆ ಲಿಮಿಟ್ ಸ್ವಿಚ್ ಹಾಕಿಸಿದೆವು. ಮೇಲಿದ್ದ ಟ್ಯೂಬ್‌ಲೈಟನ್ನೂ ಪಕ್ಕಕ್ಕೆ ಸರಿಸಬೇಕಾಯಿತು.

ಕಾಗದಪತ್ರ ನೋಡುವಾಗ ಯುರೋಪಿನ ಇಎನ್ 1493 ಮಾನದಂಡದ ಪ್ರಮಾಣಪತ್ರ ಕೇಳಿದೆವು. ಅದು ವಾಹನ ಎತ್ತುವ ಲಿಫ್ಟ್‌ಗಳಿಗೆಂದೇ ಇರುವ ಮಾನದಂಡ. ಒಬ್ಬ ಮಾರಾಟಗಾರ ತೋರಿಸಿದ ಪ್ರತಿಯಲ್ಲಿ ಬೇರೊಂದು ಮಾದರಿಯ ಸಂಖ್ಯೆ ಇತ್ತು, ಅವರೊಂದಿಗೆ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಚಕ್ರ ಹಿಡಿಯುವ ಚೌಕಟ್ಟು. ಲಿಫ್ಟ್‌ನ ನಾಲ್ಕು ತೋಳುಗಳ ತುದಿಯ ಗೂಡುಗಳಲ್ಲಿ ಪಿನ್ ಹಾಕಿ ಕೂರುವ ಎರಡು ಉದ್ದ ತೊಲೆಗಳು, ಅವುಗಳ ಮೇಲೆ ಹಿಂದೆ ಮುಂದೆ ಜಾರಿಸಿ ಬೀಗ ಹಾಕಬಹುದಾದ ಎರಡು ಅಡ್ಡತೊಲೆಗಳು, ಅಡ್ಡತೊಲೆಗಳ ಮೇಲೆ ಚಕ್ರ ಕೂರುವ ಬಟ್ಟಲುಗಳು. ಹಿಂದಿನ ಅಡ್ಡತೊಲೆಯ ಬಟ್ಟಲುಗಳನ್ನು ಎರಡು ಬದಿಗೂ ಇಡಬಹುದು, ಒಂದನ್ನೇ ನಡುವಿಗೂ ತರಬಹುದು. ಇದನ್ನು ನಮ್ಮ ವೆಲ್ಡಿಂಗ್ ಮೆಷಿನಿನಲ್ಲೇ ಮಾಡಿಬಿಡಬಹುದೆಂದು ಫಿಟ್ಟರ್‌ಗೆ ಆಸೆಯಿತ್ತು, ಅವನ ಕೈಯೂ ಚೆನ್ನಾಗಿದೆ. ನಾನು ಒಪ್ಪಲಿಲ್ಲ. ಲಿಫ್ಟ್ ಮತ್ತು ಚೌಕಟ್ಟು ಒಬ್ಬರದೇ ಜವಾಬ್ದಾರಿಯಾಗಿರಬೇಕು. ನಾಳೆ ಏನಾದರೂ ಆದರೆ ತೋಳಿನದೋ ಬೆಸುಗೆಯದೋ ಎಂಬ ವಾದ ಹುಟ್ಟಬಾರದು. ತಯಾರಕರೇ ನಮ್ಮ ಅಳತೆಗೆ ಮಾಡಿ, ಎರಡು ಟನ್ ಎಂದು ಅದರ ಮೇಲೆ ಮುದ್ರೆ ಹೊಡೆದು ಕೊಡುವುದೆಂಬ ಷರತ್ತಿನ ಮೇಲೆ ಆರ್ಡರ್ ಹೋಯಿತು.

ಅವರು ಕಳಿಸಿದ ಮೊದಲ ನಕ್ಷೆಯಲ್ಲಿ ಅಡ್ಡತೊಲೆಯ ಎತ್ತರ 125 ಮಿಲಿಮೀಟರ್ ಇತ್ತು. ಕಾಗದದ ಮೇಲೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಬಡಗಿಯಿಂದ ಅದೇ ಅಳತೆಯ ಮರದ ತುಂಡುಗಳನ್ನು ಮಾಡಿಸಿ ನೆಲದ ಮೇಲಿಟ್ಟು ಟ್ರಿಪ್ಲೆಕ್ಸನ್ನು ಮೆಲ್ಲಗೆ ಹತ್ತಿಸಿದಾಗ ಮುಂದಿನ ರೀಲ್‌ನ ರೋಲರ್ ಮರಕ್ಕೆ ತಾಗಿ ನಿಂತಿತು. ರೀಲ್‌ಗಳನ್ನು ಪೂರ್ತಿ ಎತ್ತಿದಾಗಲೂ ಕೆಳಗೆ ಉಳಿಯುವುದು 115 ಮಿಲಿಮೀಟರ್ ಮಾತ್ರ. ಮರದ ಬದಲು ಉಕ್ಕಿನ ತೊಲೆಯೇ ಬಂದಿದ್ದರೆ ರೋಲರ್‌ನ ಕಡ್ಡಿ ಬಾಗುತ್ತಿತ್ತು, ರೋಲರ್ ಬಾಗಿದರೆ ರೀಲ್ ಗ್ರೀನ್ ಮೇಲೆ ಓರೆಯಾಗಿ ಕತ್ತರಿಸುತ್ತದೆ. ಎತ್ತರ ಕಡಿಮೆ ಮಾಡಿ, ದಪ್ಪ ಹೆಚ್ಚಿಸಿ, 90 ಮಿಲಿಮೀಟರಿಗೆ ಹೊಸ ನಕ್ಷೆ ಬಂತು. ಲಿಫ್ಟ್ ಹಾಕಿಸುವವರು ಈ ಮರದ ಪರೀಕ್ಷೆಯನ್ನು ದಯವಿಟ್ಟು ತಪ್ಪಿಸಬೇಡಿ. ನಮಗೆ ಅದರ ಖರ್ಚು ಬಡಗಿಯ ಅರ್ಧ ದಿನದ ಕೂಲಿ.

ಜುಲೈನಲ್ಲಿ ನೆಲದ ಕೆಲಸ. ಎರಡು ಕಂಬದ ಲಿಫ್ಟ್‌ನಲ್ಲಿ ಭಾರ ನೇರ ಕೆಳಕ್ಕೆ ಇಳಿಯುವುದಿಲ್ಲ. ಕಂಬಗಳು ಒಳಮುಖವಾಗಿ ವಾಲಲು ಹವಣಿಸುತ್ತವೆ, ಅವುಗಳನ್ನು ಹಿಡಿದಿಡುವುದು ಬುಡದ ಬೋಲ್ಟುಗಳು ಮತ್ತು ಆ ಬೋಲ್ಟುಗಳನ್ನು ಕಚ್ಚಿಕೊಂಡ ಕಾಂಕ್ರೀಟ್. ಕಟ್ಟಡ ಕಟ್ಟಿದವರು ನೆಲ ಆರು ಇಂಚು ದಪ್ಪ ಎಂದಿದ್ದರು. ಕಂಬ ಬರುವ ಎರಡೂ ಕಡೆ ಕೋರ್, ಅಂದರೆ ಕಾಂಕ್ರೀಟಿನ ದುಂಡನೆಯ ತುಂಡು, ಕೊರೆದು ತೆಗೆದು ನೋಡಿದೆವು. ಒಂದು ಕಡೆ 70 ಮಿಲಿಮೀಟರ್, ಅದರ ಕೆಳಗೆ ಇಟ್ಟಿಗೆ ಚೂರು ಮತ್ತು ಮಣ್ಣು. ಇನ್ನೊಂದು ಕಡೆ ಸ್ವಲ್ಪ ವಾಸಿ, 95. ಆ ಕೋರ್‌ನ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಅದನ್ನು ಕೊರೆಯದೆ ಕಂಬ ನಿಲ್ಲಿಸಿದ್ದರೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹಳೆಯ ನೆಲವನ್ನು ಕತ್ತರಿಸಿ ತೆಗೆದು, ಎರಡೂ ಕಂಬಗಳಿಗೆ ಸೇರಿ ಒಂದೇ ಹಾಸು ಹಾಕಿಸಿದೆವು. 4.2 ಮೀಟರ್ ಉದ್ದ, 1.5 ಮೀಟರ್ ಅಗಲ, 200 ಮಿಲಿಮೀಟರ್ ದಪ್ಪ, ಒಳಗೆ 10 ಮಿಲಿಮೀಟರ್ ಕಂಬಿಯ ಜಾಲ. ಎಂ25 ಕಾಂಕ್ರೀಟ್, ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವಂಥದ್ದು. ಮೇಸ್ತ್ರಿ ಹತ್ತು ದಿನದಲ್ಲಿ ಬೋಲ್ಟ್ ಹಾಕಬಹುದು ಎಂದ. 28 ದಿನ ಕಾಯುವುದೆಂದು ನಾನು ಹಟ ಹಿಡಿದೆ. ಮೊದಲ ಎರಡು ವಾರ ಗೋಣಿಚೀಲ ಹೊದಿಸಿ ನೀರುಣಿಸಿದೆವು. ಗುಂಡಿಯನ್ನೂ ಅದೇ ವಾರ ಜಲ್ಲಿ, ಮಣ್ಣು ಹಾಕಿ ದಮ್ಮಸ್ಸು ಮಾಡಿ ಮುಚ್ಚಿದೆವು.

ವಿದ್ಯುತ್ತಿನ ವಿಷಯದಲ್ಲಿ ಒಂದು ಮಾತು. ಲಿಫ್ಟ್‌ನ ಮೋಟಾರ್ 2.2 ಕಿಲೋವಾಟ್, ಮೂರು ಫೇಸಿನದು. ನಮ್ಮ ಕಡೆ ಒಂದು ಫೇಸ್ ಆಗಾಗ ಬಿದ್ದುಹೋಗುತ್ತದೆ, ಆಗ ಮೋಟಾರ್ ಓಡುತ್ತಿದ್ದರೆ ಸುಟ್ಟುಹೋಗುತ್ತದೆ. ಅದಕ್ಕೆ ಫೇಸ್ ಬಿದ್ದ ಕೂಡಲೇ ಕಡಿದುಹಾಕುವ ಪ್ರಿವೆಂಟರ್ ಹಾಕಿಸಿದೆವು. ಇನ್ನೊಂದು ಸಂಗತಿ ಲಿಫ್ಟ್ ಬಂದ ಮೇಲೆಯೇ ತಿಳಿಯಿತು. ಎತ್ತಿದ ಯಂತ್ರವನ್ನು ಎಂದೂ ಎಣ್ಣೆಯ ಒತ್ತಡದ ಮೇಲೆ ನಿಲ್ಲಿಸಬಾರದು, ಕಂಬದೊಳಗಿನ ಕಬ್ಬಿಣದ ಕೊಂಡಿಗಳ ಮೇಲೆ ಇಳಿಸಿ ಕೂರಿಸಬೇಕು. ಕೊಂಡಿಯ ಮೇಲೆ ಕೂತದ್ದನ್ನು ಕೆಳಗಿಳಿಸಲು ಮೊದಲು ಎರಡು ಬೆರಳಷ್ಟು ಮೇಲಕ್ಕೆತ್ತಿ ಕೊಂಡಿ ಬಿಡಿಸಬೇಕು. ಅದಕ್ಕೆ ಕರೆಂಟ್ ಬೇಕು. ಕರೆಂಟ್ ಹೋದರೆ ನಾಳೆ ಬೆಳಿಗ್ಗೆ ಗ್ರೀನ್‌ಗೆ ಹೋಗಬೇಕಾದ ಮೊವರ್ ಮೇಲೆಯೇ ಉಳಿಯುತ್ತದೆ. ಪಂಪ್‌ಹೌಸ್‌ನ ಜನರೇಟರಿನಿಂದ ಒಂದು ಎಳೆಯನ್ನು ಇಲ್ಲಿಗೂ ತಂದೆವು.

ಆಗಸ್ಟ್ ಮೂರನೇ ವಾರ ಕಂಬಗಳು ನಿಂತವು. ಮೊದಲು ಎತ್ತಿದ್ದು ಯಂತ್ರವನ್ನಲ್ಲ, ಮರಳನ್ನು. ಗ್ರೀನ್‌ಗಳಿಗೆ ಹರಡಲು ತರಿಸಿದ್ದ ಟಾಪ್ ಡ್ರೆಸ್ಸಿಂಗ್ ಮರಳನ್ನು ತಲಾ 50 ಕಿಲೋದಂತೆ ತೂಗಿ 50 ಚೀಲ ಕಟ್ಟಿದೆವು. ಒಟ್ಟು ಎರಡೂವರೆ ಟನ್, ಚೌಕಟ್ಟಿನ ಸಾಮರ್ಥ್ಯಕ್ಕಿಂತ ಕಾಲು ಭಾಗ ಹೆಚ್ಚು. ತಯಾರಕರ ತಂತ್ರಜ್ಞ ಎದುರಿಗಿದ್ದಾಗಲೇ ಒಂದು ಅಡಿ ಎತ್ತಿ, ಅಡ್ಡತೊಲೆಯ ನಡುವಿಗೆ ದಾರ ಕಟ್ಟಿ ಬಾಗನ್ನು ಅಳೆದು, ರಾತ್ರಿಯಿಡೀ ಕೊಂಡಿಗಳ ಮೇಲೆ ಬಿಟ್ಟೆವು. ಬೆಳಿಗ್ಗೆ ಚೀಲಗಳನ್ನು ಇಳಿಸಿದಾಗ ತೊಲೆ ಮೊದಲಿನ ಗೆರೆಗೇ ಮರಳಿತ್ತು. ಆದರೆ ಬಲಗಂಬದ ಒಂದು ಬೋಲ್ಟ್ ಕಾಲು ಸುತ್ತು ಸಡಿಲವಾಗಿತ್ತು. ಟಾರ್ಕ್ ಸ್ಪ್ಯಾನರ್‌ನಿಂದ ಎಲ್ಲವನ್ನೂ ಮತ್ತೆ ಬಿಗಿದು, ಬೋಲ್ಟಿನ ತಲೆಯಿಂದ ತಗಡಿನವರೆಗೆ ಬಿಳಿ ಬಣ್ಣದ ಗೆರೆ ಎಳೆದೆವು. ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ.

ಈಗ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇವೆ: ತೊಳೆಯದ ಯಂತ್ರ ಲಿಫ್ಟ್ ಹತ್ತಬಾರದು. ಔಷಧಿ ಸಿಂಪಡಿಸುವ ಗಾಡಿಯ ಟ್ಯಾಂಕ್ ಖಾಲಿ ಇರಬೇಕು, 700 ಲೀಟರ್ ನೀರೆಂದರೆ 700 ಕಿಲೋ, ಅದೂ ತುಳುಕುವ 700 ಕಿಲೋ. ಚಕ್ರಗಳನ್ನು ಬಟ್ಟಲಿಗೆ ಪಟ್ಟಿಯಿಂದ ಬಿಗಿಯದೆ ಒಂದು ಅಡಿಗಿಂತ ಮೇಲೆ ಎತ್ತಬಾರದು. ಟ್ರಿಪ್ಲೆಕ್ಸ್‌ನ ರೀಲ್ ಬಿಚ್ಚುವ ಮೊದಲು ಹಿಂಬದಿಯ ಚೌಕಟ್ಟಿನ ಎರಡೂ ಮೂಲೆಗೆ ಎತ್ತರದ ಸ್ಟ್ಯಾಂಡ್ ಕೊಡಬೇಕು. ತ್ರಿಕೋನದ ಚೂಪನ್ನು ಹಾಗೆ ಅಗಲ ಮಾಡಿಕೊಳ್ಳುತ್ತೇವೆ. ಟ್ರ್ಯಾಕ್ಟರ್‌ಗಳನ್ನು ಲಿಫ್ಟ್‌ಗೆ ತರುವುದಿಲ್ಲ, ಅವುಗಳ ಹೊಟ್ಟೆ ಎತ್ತರದಲ್ಲಿದೆ, ನೆಲದ ಮೇಲೆಯೇ ಕೆಲಸ ನಡೆಯುತ್ತದೆ.

ಪ್ರತಿ ಯಂತ್ರದ ಪಕ್ಕಕ್ಕೂ ಎರಡು ಸಂಖ್ಯೆಗಳನ್ನು ಬಣ್ಣದಲ್ಲಿ ಬರೆದಿದ್ದೇವೆ, ಮುಂದಿನ ಮತ್ತು ಹಿಂದಿನ ಅಡ್ಡತೊಲೆಗಳು ಉದ್ದ ತೊಲೆಯ ಯಾವ ರಂಧ್ರದಲ್ಲಿ ಕೂರಬೇಕೆಂದು. ಟ್ರಿಪ್ಲೆಕ್ಸ್‌ನದು 4 ಮತ್ತು 11. ಸಹಾಯಕ ಒಬ್ಬನೇ ಚೌಕಟ್ಟು ಹೊಂದಿಸಿ, ನನ್ನನ್ನು ಕರೆದು ತೋರಿಸಿ, ಎತ್ತಲು ಈಗ ಹತ್ತು ನಿಮಿಷ ಸಾಕು.

ಸೆಪ್ಟೆಂಬರ್ ಮೊದಲ ಸೋಮವಾರ, ಕೋರ್ಸ್‌ಗೆ ರಜೆಯ ದಿನ, ಎಲ್ಲ ಮೊವರ್‌ಗಳನ್ನೂ ಒಂದಾದ ಮೇಲೊಂದು ಎತ್ತಿ ಕೆಳಗೆ ನಿಂತು ನೋಡಿದೆವು. ಎರಡನೇ ಟ್ರಿಪ್ಲೆಕ್ಸ್‌ನಲ್ಲಿ ಅದೇ ಹೋಸ್, ಅದೇ ಪಟ್ಟಿಗೆ ತಾಗಿ, ರಬ್ಬರ್ ಅರ್ಧ ಸವೆದಿತ್ತು. ಫಿಟ್ಟರ್ ಏನೂ ಮಾತಾಡದೆ ಬೆರಳಿಟ್ಟು ತೋರಿಸಿದ. ಹೊಸ ಹೋಸ್ ಹಾಕಿ, ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ನಡುವೆ ರಬ್ಬರ್ ತೋಳು ಹೊದಿಸಿದೆವು. ಕತ್ತರಿ ಮೇಜು ಮುಂದಿನ ತಿಂಗಳು ಬರುತ್ತದೆ, ಅದಕ್ಕೆ ಜಾಗವನ್ನು ಮುಚ್ಚಿದ ಗುಂಡಿಯ ಮೇಲೆ ಗುರುತು ಮಾಡಿದ್ದೇವೆ.